ಅರ್ಹತಾ ಸುತ್ತಿನ ಸ್ಕೋರನ್ನೂ ಹಾಕಿ

ಮಾನ್ಯ ಸಂಪಾದಕರೇ,

ನಾನು ಮಲ್ಲೇಶ್ವರದಲ್ಲಿ ಇಪ್ಪತ್ತೆರಡು ವರ್ಷದಿಂದ ರ‍್ಯಾಕೆಟ್ ಗಟ್ಟಿಂಗ್ ಮಾಡುತ್ತಿದ್ದೇನೆ, ಅಂದರೆ ಎಳೆ ಬಿಗಿದು ಕೊಡುವ ಕೆಲಸ. ಜಾಸ್ತಿ ಬರುವುದು ಶಟಲ್ ರ‍್ಯಾಕೆಟ್‌ಗಳು. ಟೆನಿಸ್‌ನವು ದಿನಕ್ಕೆ ಒಂದೋ ಎರಡೋ. ಬೆಂಗಳೂರು ಓಪನ್ ಟೆನಿಸ್ ಟೂರ್ನಿ ನಡೆಯುವ ವಾರ ಮಾತ್ರ ಅಂಗಡಿಯನ್ನು ಮಗನಿಗೆ ಬಿಟ್ಟು ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣಕ್ಕೆ ಹೋಗುತ್ತೇನೆ. ಹೊರಡುವ ಮೊದಲು ನಿಮ್ಮ ಕ್ರೀಡಾ ಪುಟ ನೋಡುತ್ತೇನೆ. ಮುಖ್ಯ ಸುತ್ತಿಗೆ ಜಾಗ ಗಿಟ್ಟಿಸಲು ಆಡುವ ಸಿಂಗಲ್ಸ್ ಅರ್ಹತಾ ಸುತ್ತಿನ ಬಗ್ಗೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಮುಖ್ಯ ಸುತ್ತಿನಲ್ಲೂ ನಮ್ಮವರು ಸೋತ ಮೇಲೆ ಸುದ್ದಿ ಸಣ್ಣದಾಗುತ್ತಾ ಹೋಗಿ, ಕೊನೆಗೆ ಕಪ್ ಹಿಡಿದವರ ಫೋಟೊ ಒಂದು ಬರುತ್ತದೆ.

ಒಂದು ವರ್ಷ ಅರ್ಹತಾ ಸುತ್ತಿನ ದಿನ ಅಂಚಿನ ಕೋರ್ಟ್ ಪಕ್ಕ ಕೂತಿದ್ದೆ. ನೋಡುತ್ತಿದ್ದವರು ಹನ್ನೊಂದು ಜನ, ಎಣಿಸಿದ್ದೇನೆ. ಮೂರನೇ ಸೆಟ್. ನಮ್ಮ ದೇಶದ ಒಬ್ಬ ಹುಡುಗ ಸರ್ವ್ ಮಾಡಿದ. ಪಟ್ ಅಂತ ಸದ್ದಾಯಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು, ನಡುವಿನ ಉದ್ದದ ಎಳೆ ಹೋಗಿತ್ತು. ಅವನ ಬ್ಯಾಗಿನಲ್ಲಿ ಗಟ್ಟಿಂಗ್ ಇದ್ದದ್ದು ಇನ್ನೊಂದೇ ರ‍್ಯಾಕೆಟ್. ಅದನ್ನು ತೆಗೆದು ಎರಡು ಸಲ ಅಂಗೈಗೆ ಬಡಿದು ನೋಡಿದ. ಬಿಗಿ ಕಮ್ಮಿ ಇದೆ ಅಂತ ಅವನ ಮುಖ ನೋಡಿಯೇ ತಿಳಿಯಿತು. ಅಲ್ಲಿಂದ ಮುಂದೆ ಅವನ ಫೋರ್‌ಹ್ಯಾಂಡ್ ಗೆರೆ ದಾಟಿ ಬೀಳತೊಡಗಿತು. ಸೋತ. ಕುರ್ಚಿಯಲ್ಲಿ ಕೂತವನು ಟವೆಲ್ ಮುಟ್ಟಲಿಲ್ಲ. ಮೊದಲು ಕತ್ತರಿ ತೆಗೆದು, ಹರಿದ ರ‍್ಯಾಕೆಟ್‌ನ ಉಳಿದ ಎಳೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದ. ಒಂದು ಎಳೆ ಹೋದರೆ ಬಿಗಿ ಏರುಪೇರಾಗಿ ಫ್ರೇಮ್ ಸೊಟ್ಟಗಾಗಬಹುದು, ಅದಕ್ಕೇ. ಅಷ್ಟು ಬೇಜಾರಿನಲ್ಲೂ ರ‍್ಯಾಕೆಟ್ ಕಾಪಾಡಿಕೊಂಡ ಹುಡುಗ ಅವನು. ಮರುದಿನ ಪತ್ರಿಕೆಯಲ್ಲಿ ಅವನ ಹೆಸರು ಹುಡುಕಿದೆ, ಸಿಗಲಿಲ್ಲ.

ಸೋತವರ ಹೆಸರು ಯಾಕೆ ಹಾಕಬೇಕು ಅನ್ನಬಹುದು. ಸಿಂಗಲ್ಸ್ ಆಟಗಾರರು ಮೇಲೆ ಬರುವ ದಾರಿಯೇ ಅದು, ಅದಕ್ಕೆ ಕೇಳುತ್ತಿದ್ದೇನೆ. ಗ್ರ್ಯಾಂಡ್‌ಸ್ಲಾಮ್‌ನ ಪುರುಷರ ಸಿಂಗಲ್ಸ್‌ನಲ್ಲಿ 128 ಜನ ಆಡುತ್ತಾರೆ. 104 ಮಂದಿಗೆ ರ‍್ಯಾಂಕಿಂಗ್ ಮೇಲೆ ನೇರ ಪ್ರವೇಶ. 8 ವೈಲ್ಡ್ ಕಾರ್ಡ್, ಅಂದರೆ ಆಯೋಜಕರೇ ಕರೆದು ಕೊಡುವ ಜಾಗ. ಉಳಿದ 16 ಜಾಗಕ್ಕೆ ಮೂರು ಸುತ್ತಿನ ಅರ್ಹತಾ ಪಂದ್ಯ ಗೆಲ್ಲಬೇಕು. ಆ ರ‍್ಯಾಂಕಿಂಗ್ ಪಾಯಿಂಟ್ ಹೆಚ್ಚಾಗಿ ಸೇರುವುದು ಬೆಂಗಳೂರು ಓಪನ್‌ನಂಥ ಚಾಲೆಂಜರ್‌ಗಳಲ್ಲಿ, ಅಂದರೆ ದೊಡ್ಡ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿಗಳಲ್ಲಿ. 2025ರಲ್ಲಿ ಇಲ್ಲಿ ಗೆದ್ದವರಿಗೆ 125 ಪಾಯಿಂಟ್ ಇತ್ತು. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವರಿಗೆ ಸೊನ್ನೆ. ಗೆದ್ದ ಪಾಯಿಂಟೂ 52 ವಾರ ಆದ ಮೇಲೆ ಉದುರಿ ಹೋಗುತ್ತದೆ.

ಸುಮಿತ್ ನಾಗಲ್ 2017ರಲ್ಲಿ ಮೊದಲ ಚಾಲೆಂಜರ್ ಪ್ರಶಸ್ತಿ ಗೆದ್ದಿದ್ದು ಇದೇ ಕಬ್ಬನ್ ಪಾರ್ಕಿನಲ್ಲಿ, ಜೇ ಕ್ಲಾರ್ಕ್ ವಿರುದ್ಧ ಮೂರು ಸೆಟ್ ಆಡಿ. 2019ರ ಅಮೆರಿಕ ಓಪನ್‌ಗೆ ಅವರು ಅರ್ಹತಾ ಸುತ್ತು ದಾಟಿಯೇ ಹೋದರು, ಫೆಡರರ್ ಅವರಿಂದ ಮೊದಲ ಸೆಟ್ ಕಿತ್ತುಕೊಂಡರು. 2023ರಲ್ಲಿ ಬ್ಯಾಂಕಿನಲ್ಲಿ 900 ಯೂರೊ ಉಳಿದಿದೆ ಅಂತ ಅವರೇ ಹೇಳಿಕೊಂಡಿದ್ದನ್ನು ಓದಿ ನನಗೆ ಹೊಟ್ಟೆಗೆ ಸಂಕಟವಾಯಿತು. ಮರುವರ್ಷ ಜನವರಿಯಲ್ಲಿ ಮತ್ತೆ ಅರ್ಹತಾ ಸುತ್ತಿನಿಂದಲೇ ಆಸ್ಟ್ರೇಲಿಯಾ ಓಪನ್‌ಗೆ ಬಂದು ಶ್ರೇಯಾಂಕಿತ ಆಟಗಾರ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಅದಕ್ಕೆ ಮೊದಲು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತರನ್ನು ಸೋಲಿಸಿದ್ದ ಭಾರತದ ಗಂಡಸು ರಮೇಶ್ ಕೃಷ್ಣನ್, ಅದೂ 1989ರಲ್ಲಿ.

2024ರ ಅದೇ ಆಸ್ಟ್ರೇಲಿಯಾ ಓಪನ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಡಬಲ್ಸ್ ಗೆದ್ದರು. ಅವತ್ತು ಅಂಗಡಿಗೆ ಬಂದವರಿಗೆಲ್ಲ ಮೈಸೂರ್ ಪಾಕ್ ಹಂಚಿದ್ದೆ. ನೀವೂ ದೊಡ್ಡದಾಗಿ ಹಾಕಿದ್ದಿರಿ, ಹಾಕಲೇಬೇಕಿತ್ತು. ಸಿಂಗಲ್ಸ್‌ಗೂ ಒಂದು ಚೂರು ಜಾಗ ಕೊಡಿ ಅಂತಷ್ಟೇ ನನ್ನ ಬೇಡಿಕೆ.

ವಿದೇಶದವರ ಆಟ ನಮಗೇಕೆ ಅನ್ನುವುದನ್ನೂ ಒಪ್ಪಲು ಆಗುವುದಿಲ್ಲ. 2023ರ ಫೆಬ್ರುವರಿ, ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಮ್ಯಾಕ್ಸ್ ಪರ್ಸೆಲ್ ಚೆನ್ನೈ, ಬೆಂಗಳೂರು, ಪುಣೆ ಮೂರನ್ನೂ ಒಂದರ ಹಿಂದೆ ಒಂದು ಗೆದ್ದು ಮೊದಲ ನೂರರೊಳಗೆ ಹೋದರು. ಇಲ್ಲಿನ ಫೈನಲ್ ಮೂರನೇ ಸೆಟ್‌ನ ಟೈಬ್ರೇಕ್‌ವರೆಗೆ ಎಳೆದಿತ್ತು. ಟೆನಿಸ್ ಕಲಿಯುವ ಮಕ್ಕಳು ಅಂಥ ಆಟವನ್ನು ಹತ್ತಿರದಿಂದ ನೋಡಬೇಕು ಅಲ್ವಾ? ಟಿವಿಯಲ್ಲಿ ಚೆಂಡಿನ ವೇಗ ಗೊತ್ತಾಗುವುದಿಲ್ಲ. ಕೋರ್ಟ್ ಪಕ್ಕ ನಿಂತರೆ ಎದೆಗೆ ಬಂದು ಹೊಡೆದ ಹಾಗಾಗುತ್ತದೆ.

ಹಾಗಾಗಿ, ಮುಂದಿನ ಸಲ ಟೂರ್ನಿ ನಡೆಯುವಾಗ ಅರ್ಹತಾ ಸುತ್ತಿನಿಂದ ಹಿಡಿದು ಎಲ್ಲ ಸಿಂಗಲ್ಸ್ ಫಲಿತಾಂಶ ಹಾಕಿ. ಅಕ್ಷರ ಸಣ್ಣದಿದ್ದರೂ ಪರವಾಗಿಲ್ಲ, ಕನ್ನಡಕ ಹಾಕಿಕೊಂಡು ಓದುತ್ತೇವೆ. ಜೊತೆಗೆ ನಾಳೆ ಯಾವ ಕೋರ್ಟಿನಲ್ಲಿ, ಎಷ್ಟು ಗಂಟೆಗೆ, ಯಾರ ಮೇಲೆ ಯಾರು ಅನ್ನುವುದನ್ನು ಹಿಂದಿನ ದಿನವೇ ತಿಳಿಸಿ. ನನ್ನ ಹತ್ತಿರ ಗಟ್ಟಿಂಗ್‌ಗೆ ಬರುವ ಮಕ್ಕಳಿಗೆ ಆ ತುಂಡನ್ನು ಕತ್ತರಿಸಿ ಯಂತ್ರದ ಪಕ್ಕದ ಗೋಡೆಗೆ ಅಂಟಿಸುತ್ತೇನೆ. ಸ್ಕೂಲ್ ಬಿಟ್ಟ ಮೇಲೆ ಮೆಟ್ರೊ ಹಿಡಿದರೆ ಸಂಜೆಯ ಪಂದ್ಯಕ್ಕೆ ಸಿಗುತ್ತಾರೆ.

ಇಂತಿ ನಿಮ್ಮ ಓದುಗ,
ರ‍್ಯಾಕೆಟ್ ಗಟ್ಟಿಂಗ್ ಮಾಡುವವ, ಮಲ್ಲೇಶ್ವರ, ಬೆಂಗಳೂರು