ಕನ್ನಡಕದ ಪ್ರಶ್ನೆ

ಪುಟ್ಟಿ,

ನನ್ನ ಹಳೇ ಕಾಮಿಕ್ಸ್ ಪೆಟ್ಟಿಗೆ ಹೊತ್ತುಕೊಂಡು ಹೋದವಳು, ಮೊನ್ನೆ ಫೋನ್ ಮಾಡಿ ನಕ್ಕೆಯಲ್ಲ, "ಬರೀ ಕನ್ನಡಕ ಹಾಕಿಕೊಂಡರೆ ಸೂಪರ್‌ಮ್ಯಾನ್ ಯಾರಿಗೂ ಗುರುತು ಸಿಗಲ್ವಾ? ಆ ಊರಿನವರೆಲ್ಲ ಕುರುಡರಾ ಅಮ್ಮಾ?" ಅಂತ. ನಾನೂ ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ತಲೆ ಬಿಟ್ಟು ಹೋಗಲಿಲ್ಲ.

ಉತ್ತರ ಸಿಕ್ಕಿದ್ದು ಗೂಢಚಾರರ ಕಾದಂಬರಿಗಳಲ್ಲಿ. ಜಾನ್ ಲೆ ಕಾರೆ 1961ರಲ್ಲಿ ಜಾರ್ಜ್ ಸ್ಮೈಲಿ ಎಂಬ ಗೂಢಚಾರನನ್ನು ತಂದರು. ಕುಳ್ಳ, ದಪ್ಪ, ಅಳತೆಗೆ ಹೊಂದದ ಬಟ್ಟೆ, ಜೊತೆಗೊಂದು ಕನ್ನಡಕ. ಅದನ್ನು ಟೈನ ಅಗಲ ತುದಿಯಿಂದ ಒರೆಸಿಕೊಳ್ಳುತ್ತಾ ಕೂರುತ್ತಾನೆ. ಎದುರಿಗಿದ್ದವರು ಅವನನ್ನು ಲೆಕ್ಕಕ್ಕೇ ಇಡುವುದಿಲ್ಲ. ಅವನಿಗೆ ಬೇಕಾದದ್ದೂ ಅದೇ. ಬಾಂಡ್ ತರಹ ಹೋದಲ್ಲೆಲ್ಲ ಹೆಸರು ಹೇಳಿಕೊಂಡು ತಿರುಗುವವನು ಎಂಥ ಗೂಢಚಾರ, ಹೇಳು! ಓದೋಕೆ ಮಜಾ, ಅದು ಬೇರೆ ಮಾತು. ಲೆ ಕಾರೆ ಎನ್ನುವುದೂ ಒಂದು ಮುಖವಾಡವೇ. ನಿಜ ಹೆಸರು ಡೇವಿಡ್ ಕಾರ್ನ್‌ವೆಲ್. ಬ್ರಿಟಿಷ್ ಗುಪ್ತಚರ ಇಲಾಖೆಯ ಕೆಲಸ, ಸ್ವಂತ ಹೆಸರಲ್ಲಿ ಬರೆಯುವಂತಿರಲಿಲ್ಲ.

ಕನ್ನಡಕ ಹಾಕಿಕೊಂಡು ಕ್ಲಾರ್ಕ್ ಕೆಂಟ್ ಅಂತ ಓಡಾಡುವ ಸೂಪರ್‌ಮ್ಯಾನ್ ಮಾಡುವುದೂ ಇದನ್ನೇ ಅಲ್ವಾ? ಪುಕ್ಕಲು ಪುಕ್ಕಲಾಗಿ ನಡೆಯುವ ವರದಿಗಾರನನ್ನು ಯಾರು ಎರಡನೇ ಸಲ ನೋಡುತ್ತಾರೆ? ಅವನನ್ನು ಹುಟ್ಟಿಸಿದ ಜೆರ್ರಿ ಸೀಗೆಲ್, ಜೋ ಶಸ್ಟರ್ ಇಬ್ಬರೂ ಕನ್ನಡಕದ ಹುಡುಗರು, ಬಲು ನಾಚಿಕೆಯವರು. 1938ರಲ್ಲಿ 130 ಡಾಲರಿಗೆ ಹಕ್ಕು ಬರೆದುಕೊಟ್ಟರು. ಆಮೇಲೆ ಕೋರ್ಟಿಗೆ ಹೋದದ್ದಕ್ಕೆ ಪುಟಗಳಿಂದ ಅವರ ಹೆಸರೇ ಮಾಯವಾಯಿತು. 1975ರಲ್ಲಿ ಹೆಸರು ವಾಪಸ್ ಬಂತು, ವರ್ಷಕ್ಕಿಷ್ಟು ಅಂತ ಹಣವೂ ಬಂತು. ಅಷ್ಟರಲ್ಲಿ ಶಸ್ಟರ್ ಕಣ್ಣು ತೀರ ಮಂಜಾಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಸಿಟ್ಟೂ ಇದೆ, ಹೇಳಿಬಿಡುತ್ತೇನೆ. 1961ರಲ್ಲಿ ಫೆಂಟಾಸ್ಟಿಕ್ ಫೋರ್ ಅಂತ ನಾಲ್ವರು ಸೂಪರ್‌ಹೀರೋಗಳ ಕಾಮಿಕ್ಸ್ ಬಂತು. ನಾಲ್ವರಲ್ಲಿ ಒಬ್ಬಳೇ ಹೆಣ್ಣು, ಸೂ ಸ್ಟಾರ್ಮ್. ಗಂಡಸರಲ್ಲಿ ಒಬ್ಬ ರಬ್ಬರಿನಂತೆ ಚಾಚಿಕೊಳ್ಳುತ್ತಾನೆ, ಒಬ್ಬ ಬೆಂಕಿಯಾಗಿ ಹಾರುತ್ತಾನೆ, ಇನ್ನೊಬ್ಬ ಬಂಡೆಯಂತೆ ಗುದ್ದಾಡುತ್ತಾನೆ. ಇವಳಿಗೆ ಸಿಕ್ಕ ಶಕ್ತಿ? ಕಣ್ಣಿಗೆ ಕಾಣದೇ ಇರುವುದು! ಹೆಸರೂ ಇನ್‌ವಿಸಿಬಲ್ ಗರ್ಲ್. ಚಿಕ್ಕವಳಿದ್ದಾಗ ಇದು ನನಗೆ ಅವಮಾನ ಅನ್ನಿಸುತ್ತಿತ್ತು. ಈಗ ಅನ್ನಿಸುವುದೇ ಬೇರೆ. ಸ್ಮೈಲಿ ಕೈಗೆ ಸಿಕ್ಕಿದ್ದರೆ ಮಿಕ್ಕ ಮೂವರನ್ನೂ ಮನೆಗೆ ಕಳಿಸಿ ಇವಳೊಬ್ಬಳನ್ನೇ ಇಟ್ಟುಕೊಳ್ಳುತ್ತಿದ್ದ.

ಸ್ಮೈಲಿಯ ಪುಸ್ತಕವೂ ಪೆಟ್ಟಿಗೆಯ ತಳದಲ್ಲೇ ಇದೆ, ಹುಡುಕಿಕೋ. ಕಾಮಿಕ್ಸ್ ಮಾತ್ರ ಬಿಸಿಲಲ್ಲಿ ಬಿಡಬೇಡ. ಅಗ್ಗದ ನ್ಯೂಸ್‌ಪ್ರಿಂಟ್ ಅದು, ಮುಟ್ಟಿದರೆ ಪುಡಿಯಾಗುತ್ತದೆ.

ನಿನ್ನ
ಅಮ್ಮ