ಮಂಜುವಿಗೆ, ದುಡ್ಡು ಕಟ್ಟುವ ಮೊದಲು

ಚಿ. ಮಂಜುವಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಪದವಿ ಮುಗಿಯಿತು, ಇನ್ನು ಕುಡಿತ ಬಿಡಿಸುವ ಕೆಲಸವೇ ನನ್ನದು ಅಂದೆಯಲ್ಲ, ಆ ರಾತ್ರಿ ನಿಮ್ಮಪ್ಪನ ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆದರೆ ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದರೆ ಲೈಸೆನ್ಸ್ ಸಿಗುತ್ತದೆ ಅಂದೆ ನೋಡು, ಅದಕ್ಕೇ ಈ ಕಾಗದ.

ವ್ಯಸನದ ಆಪ್ತಸಮಾಲೋಚಕರಿಗೆಂದೇ ಸರ್ಕಾರ ಕೊಡುವ ಬೇರೆ ಲೈಸೆನ್ಸ್ ನಮ್ಮಲ್ಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಮಾದಕವಸ್ತುಗಳಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆಯೊಳಗೇ ಸೇರಿಸಿದೆ. ಹಾಗಾಗಿ ದಾರಿಯೂ ಅದರೊಳಗೇ. ಸೈಕಾಲಜಿ ಓದಿದವರು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕ್ಲಿನಿಕಲ್ ಸೈಕಾಲಜಿಗೆ ಹೋಗುತ್ತಾರೆ. ನಿನಗೆ ಒಪ್ಪುವುದು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್, ಅಂದರೆ ಮಾನಸಿಕ ಕಾಯಿಲೆಯವರ ಜೊತೆ ಮಾಡುವ ಸಮಾಜಕಾರ್ಯ: ಎಂಎಸ್‌ಡಬ್ಲ್ಯು ಆದ ಮೇಲೆ ಎರಡು ವರ್ಷದ ಎಂ.ಫಿಲ್., ಆಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳೆರಡರಲ್ಲೂ ಅದನ್ನು ಕಲಿಸುತ್ತಾ ಬಂದಿದ್ದಾರೆ. ವಿಶ್ವವಿದ್ಯಾಲಯಗಳ ಮೇಲಿನ ಆಯೋಗವಾದ ಯುಜಿಸಿ 2022ರಲ್ಲಿ ಎಂ.ಫಿಲ್. ನಿಲ್ಲಿಸಿ, ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಈ ಎರಡಕ್ಕೆ ಮಾತ್ರ 2025–26ರವರೆಗೆ ವಿನಾಯಿತಿ ಕೊಟ್ಟಿತ್ತು. ನೀನು ಸೇರುವ ವರ್ಷ ಯಾವ ಪದವಿಗೆ ಮಾನ್ಯತೆ ಇದೆಯೆಂದು ಸಂಸ್ಥೆಯಲ್ಲೇ ವಿಚಾರಿಸಿ, ಬರವಣಿಗೆಯಲ್ಲಿ ತೆಗೆದುಕೊ.

ಎರಡು ವರ್ಷ ಯಾಕೆ ಅಂತೀಯಾ? ನಾನೂ ಇದೇ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಪ್ಪತ್ತು ವರ್ಷ ದಿನಾ ಕುಡಿದವನೊಬ್ಬ ಬಂದ. "ಗಟ್ಟಿ ಮನಸ್ಸು ಮಾಡು, ಇವತ್ತೇ ಬಿಡು" ಎಂದು ಮನೆಗೆ ಕಳಿಸಿದೆ. ಮಾರನೆಯ ದಿನ ಕೈನಡುಕ, ಫಿಟ್ಸ್. ಮೂರನೆಯ ದಿನ ಗೋಡೆ ಮೇಲೆ ಹುಳ ಹರಿಯುತ್ತಿವೆ ಎಂದು ಕಿರುಚಾಟ. ಆಸ್ಪತ್ರೆಗೆ ಸೇರಿಸಿದ್ದಕ್ಕೆ ಉಳಿದ. ಅಷ್ಟು ಕುಡಿದವರು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು, ವೈದ್ಯರೇ ಔಷಧಿ ಕೊಟ್ಟು ಬಿಡಿಸಬೇಕು ಎಂಬುದು ನನಗೆ ತಿಳಿದಿರಲಿಲ್ಲ. ಅವನ ಹೆಂಡತಿ ನನಗೆ ಒಂದು ಮಾತೂ ಬೈಯಲಿಲ್ಲ ಮಂಜು. ಅದು ಇವತ್ತಿಗೂ ಚುಚ್ಚುತ್ತದೆ. ಪಕ್ಕದಲ್ಲಿ ಕೂತು ತಿದ್ದುವ ಹಿರಿಯರೊಬ್ಬರು ಅವತ್ತು ನನಗಿದ್ದಿದ್ದರೆ!

ಸೀಟು ಸಿಗುವವರೆಗೆ ಮನೋವೈದ್ಯರು ಬಂದುಹೋಗುವ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಕೆಲಸ ಮಾಡು. ಕೊಲಂಬೊ ಪ್ಲಾನ್ ಎಂಬ ಹಲವು ದೇಶಗಳ ಸಂಸ್ಥೆಯವರು ವ್ಯಸನದ ಕೆಲಸ ಮಾಡುವವರಿಗೆ ನಡೆಸುವ ಐಕ್ಯಾಪ್ ಪರೀಕ್ಷೆಯನ್ನೂ ಮುಂದೆ ಕಟ್ಟಬಹುದು, ಓದಿದ್ದು ಎಲ್ಲೂ ಹೋಗುವುದಿಲ್ಲ. ಆದರೆ ಅದು ನಮ್ಮ ರಾಜ್ಯದ ನೋಂದಣಿಗೆ ಬದಲಿಯಲ್ಲ.

ಆ ಆನ್‌ಲೈನ್‌ನವರಿಗೆ ಸದ್ಯ ದುಡ್ಡು ಕಟ್ಟಬೇಡ. ಪ್ರವೇಶ ಪರೀಕ್ಷೆಯ ಫೀಸು ನಾನು ಕೊಡುತ್ತೇನೆ. ಧಾರವಾಡಕ್ಕೆ ವಿಚಾರಿಸಲು ಹೋಗುವ ದಿನ ತಿಳಿಸು, ನಾನೂ ಜೊತೆಗೆ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ