ಕಾಗದದ ರಾಕೆಟ್, ಕಾಗದದ ಟ್ಯಾಂಕ್: 7ರಿಂದ 9ನೇ ಇಯತ್ತೆಯ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಡಿಸೆಂಬರ್ ವಸ್ತುಪ್ರದರ್ಶನಕ್ಕೆ ಈ ಸಲ ಥರ್ಮಾಕೋಲ್ ಬೇಡ, ಅಂಗಡಿಯಿಂದ ಕೊಂಡು ತಂದ ಮಾದರಿಯೂ ಬೇಡ. 7ನೇ ಇಯತ್ತೆಯವರು ಮೈಸೂರು ರಾಕೆಟ್, 8ನೆಯವರು ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3, 9ನೆಯವರು ನಮ್ಮ ಸೇನೆಯ ಹಳೆಯ ವಿಜಯಂತ ಟ್ಯಾಂಕ್ ಮಾಡುತ್ತಾರೆ. ಮೂರೂ ಕಾಗದದವೇ. ನಕ್ಷೆಗಳನ್ನು ಶಾಲೆಯಿಂದ ಕೊಡುತ್ತೇವೆ. ಕೆಲಸ ಎಲ್ಲಿ ಕೆಡುತ್ತದೆ ಎಂಬುದು ನಿಮಗೂ ಗೊತ್ತಿದ್ದರೆ, ಹಿಂದಿನ ದಿನ ರಾತ್ರಿ ಹನ್ನೊಂದಕ್ಕೆ ಮಗು ಅಳುತ್ತ ಕೂರುವುದು ತಪ್ಪುತ್ತದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ.

ಮೊದಲು ಕಾಗದದ ಮಾತು. ಅಂಗಡಿಯಲ್ಲಿ ಬರೀ "ಕಾರ್ಡ್ ಪೇಪರ್" ಎಂದು ಕೇಳಿದರೆ 250–300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ; ಹೆಚ್ಚಿದಷ್ಟೂ ದಪ್ಪ) ಹಾಳೆ ಕೊಟ್ಟುಬಿಡುತ್ತಾರೆ. ಅದನ್ನು ಬೆರಳು ಗಾತ್ರದ ಕೊಳವೆಯಾಗಿ ಸುತ್ತಲು ಹೋದರೆ ಉದ್ದಕ್ಕೂ ಮಡಿಕೆ ಬಿದ್ದು ಪೆನ್ಸಿಲ್ಲಿನ ಹಾಗೆ ಮೂಲೆ ಮೂಲೆಯಾಗುತ್ತದೆ. ನಮಗೆ ಬೇಕಾದದ್ದು 160 ಜಿಎಸ್‌ಎಂ, ಎ4. ಒಬ್ಬರಿಗೆ 6 ಹಾಳೆ ಸಾಕು: ನಾಲ್ಕು ಕೆಲಸಕ್ಕೆ, ಎರಡು ಹಾಳಾಗುವುದಕ್ಕೆ. ಹತ್ತಾರು ಮನೆಯವರು ಸೇರಿ ಕಟ್ಟುಗಟ್ಟಲೆ ತರುವುದಾದರೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನ ಸಗಟು ಅಂಗಡಿಗಳನ್ನು ನೋಡಿ. ಮುಂಬಯಿಯ ಹವೆಗೆ ಬಿಚ್ಚಿಟ್ಟ ಹಾಳೆ ಎರಡೇ ದಿನದಲ್ಲಿ ತೇವ ಹೀರಿ ಅಲೆ ಅಲೆಯಾಗುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಡಿ.

ಬಟ್ಟೆಯ ಹಾಗೆ ಕಾಗದಕ್ಕೂ ಎಳೆಯಿದೆ. ಹಾಳೆಯನ್ನು ಅಂಗೈ ಮೇಲಿಟ್ಟು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆಗೇ ಕೊಳವೆ ಸುತ್ತಬೇಕು. ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ 297 ಮಿ.ಮೀ. ಬದಿಯ ಉದ್ದಕ್ಕೆ ಇರುತ್ತದೆ, ಆದ್ದರಿಂದ ಕೊಳವೆಯ ಉದ್ದವೂ ಆ ಬದಿಗೇ ಬರಬೇಕು. ಕಾಗದ ಉಳಿಸಲು ಕೆಲವರು ಭಾಗವನ್ನು ಅಡ್ಡ ತಿರುಗಿಸುತ್ತಾರೆ. ಆ ಕೊಳವೆ ಅಂಟು ಒಣಗುವ ಮೊದಲೇ ಬಿಚ್ಚಿಕೊಳ್ಳುತ್ತದೆ, ಮಗು ಮತ್ತಷ್ಟು ಅಂಟು ಬಳಿಯುತ್ತದೆ, ಅಲ್ಲಿಗೆ ಕೆಲಸ ಕೆಟ್ಟಂತೆ.

ನಕ್ಷೆ ಹರಿದರೆ ಝೆರಾಕ್ಸ್ ಅಂಗಡಿಯಲ್ಲಿ ಇನ್ನೊಂದು ತೆಗೆಸಬಹುದು. ಆದರೆ "ಪೇಜ್‌ಗೆ ಫಿಟ್" ಮಾಡಬೇಡಿ, ನೂರಕ್ಕೆ ನೂರು ಅಳತೆಯಲ್ಲೇ ಬರಲಿ ಎಂದು ಹೇಳಿ. ಪ್ರತಿ ಹಾಳೆಯ ಮೂಲೆಯಲ್ಲೂ 50 ಮಿ.ಮೀ. ಗೆರೆ ಇದೆ, ಅಳೆದು ನೋಡಿ. ಎಲ್ಲ ಹಾಳೆಯೂ ಒಂದೇ ಸಮ ಕುಗ್ಗಿದ್ದರೆ ಮಾದರಿ ಚಿಕ್ಕದಾಗುತ್ತದೆ, ಅಷ್ಟೇ. ಒಂದೇ ಹಾಳೆ ಕುಗ್ಗಿದರೆ ಮಾತ್ರ ಜೋಡಣೆ ಕೂಡುವುದಿಲ್ಲ. ಶೇ. 97ಕ್ಕೆ ಇಳಿದರೆ 63 ಮಿ.ಮೀ. ಸುತ್ತಳತೆ 61 ಆಗುತ್ತದೆ. ಆ ಎರಡು ಮಿ.ಮೀ. ಕಣ್ಣಿಗೆ ಹೊಡೆಯುತ್ತದೆ.

ಈಗ ಎಸ್‌ಎಲ್‌ವಿ-3. ನಿಜವಾದ ವಾಹನ 22 ಮೀಟರ್ ಎತ್ತರ, 17 ಟನ್ ತೂಕ, ನಾಲ್ಕು ಹಂತ, ನಾಲ್ಕಕ್ಕೂ ಘನ ಇಂಧನ. ನಮ್ಮದು 50ರಲ್ಲಿ ಒಂದು ಪಾಲು, ಅಂದರೆ 44 ಸೆಂ.ಮೀ. ಮೊದಲ ಹಂತದ ವ್ಯಾಸ 1 ಮೀಟರ್, ನಮ್ಮಲ್ಲಿ 20 ಮಿ.ಮೀ. ಪೈ ಲೆಕ್ಕ ಹಾಕಿದರೆ ಸುತ್ತಳತೆ 63, ಅಂಟಿನ ಪಟ್ಟಿ 5, ಒಟ್ಟು 68 ಮಿ.ಮೀ. ಅಗಲ, ಉದ್ದ 200. ಮೇಲಿನ ಹಂತಗಳನ್ನು ಸರಳ ಮಾಡಿ 16 ಮಿ.ಮೀ. ವ್ಯಾಸದ, 180 ಮಿ.ಮೀ. ಉದ್ದದ ಒಂದೇ ಕೊಳವೆಯಾಗಿಸಿದ್ದೇವೆ. ಹಂತಗಳ ಗಡಿಯನ್ನು ಕಪ್ಪು ಪಟ್ಟಿಯಿಂದ ತೋರಿಸಿದರೆ ಸಾಕು.

ದಪ್ಪ ಕೊಳವೆಗೂ ಸಣ್ಣ ಕೊಳವೆಗೂ ನಡುವೆ ಬರುವ ಇಳಿಜಾರು ಕುತ್ತಿಗೆಯಲ್ಲೇ ಹೆಚ್ಚಿನ ಮಕ್ಕಳು ಎಡವುತ್ತಾರೆ. ಅದನ್ನು ನೇರ ಪಟ್ಟಿಯಿಂದ ಮಾಡಲಾಗದು. ಕೈವಾರದಿಂದ ಒಂದೇ ಕೇಂದ್ರದ ಸುತ್ತ 100 ಮತ್ತು 80 ಮಿ.ಮೀ. ತ್ರಿಜ್ಯದ ಎರಡು ಕಂಸ ಎಳೆದು, 36 ಡಿಗ್ರಿಯಷ್ಟು ತುಂಡು ಕತ್ತರಿಸಬೇಕು. ಹೊರಕಂಸದ ಉದ್ದ ಸರಿಯಾಗಿ ದಪ್ಪ ಕೊಳವೆಯ ಸುತ್ತಳತೆಗೆ, ಒಳಕಂಸದ್ದು ಸಣ್ಣ ಕೊಳವೆಯದಕ್ಕೆ ಕೂಡುತ್ತದೆ. ಮಗುವಿನ ಕೈಯಲ್ಲೇ ಗುಣಿಸಿ ನೋಡಿಸಿ. ಎಂಟನೆಯ ಗಣಿತ ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬರಲಿ. ತುದಿಯ ಶಂಕುವಿಗೆ 40 ಮಿ.ಮೀ. ತ್ರಿಜ್ಯ, 72 ಡಿಗ್ರಿ. ಲೆಕ್ಕಕ್ಕೆ ಒಂದು ವೃತ್ತದಲ್ಲಿ ಐದು ಶಂಕು ಸಿಗಬೇಕು; ಅಂಟಿನ ಪಟ್ಟಿಗೂ ಜಾಗ ಬೇಕಲ್ಲ, ನಾಲ್ಕೇ ಸಿಗುತ್ತವೆ.

ಸುತ್ತುವ ಕ್ರಮ ಹೀಗೆ. ಕತ್ತರಿಸಿದ ಭಾಗದ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ಮೂರು ನಾಲ್ಕು ಸಲ ಕೆಳಕ್ಕೆ ಎಳೆದರೆ ಕಾಗದ ತಾನೇ ಸುರುಳಿಯಾಗುತ್ತದೆ. ಆಮೇಲೆ ಸ್ಕೆಚ್ ಪೆನ್ನಿಗೆ ಸುತ್ತಿ ಒಂದು ನಿಮಿಷ ಹಿಡಿಯಬೇಕು. ಕೊಳವೆ ತಾನಾಗಿ ಮುಕ್ಕಾಲು ಪಾಲು ಮುಚ್ಚಿಕೊಂಡ ಮೇಲಷ್ಟೇ ಅಂಟಿನ ಕೆಲಸ. ಫೆವಿಕಾಲನ್ನು ಬಾಟಲಿಯಿಂದ ನೇರ ಹಿಂಡಿದರೆ ಅದರಲ್ಲಿರುವ ನೀರು ಕಾಗದವನ್ನು ಉಬ್ಬಿಸಿ ಜೋಡಿನ ಗೆರೆ ಸುಕ್ಕಾಗುತ್ತದೆ. ಹಳೆಯ ಡಬ್ಬಿಯ ಮುಚ್ಚಳಕ್ಕೆ ಒಂದು ಹನಿ ಹಾಕಿಕೊಂಡು, ಹಲ್ಲುಕಡ್ಡಿಯಿಂದ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಹೊಳಪು ಸ್ವಲ್ಪ ಇಂಗಿದ ಮೇಲೆ ಅಂಟಿಸಲಿ. ಒಳಗಿನಿಂದ ಪೆನ್ಸಿಲ್, ಹೊರಗಿನಿಂದ ಹೆಬ್ಬೆರಳು, ಎರಡರ ನಡುವೆ ಮೂವತ್ತು ಎಣಿಸುವ ತನಕ ಒತ್ತಬೇಕು. ಎರಡೂ ತುದಿಗೆ ಶರ್ಟ್ ಪೆಟ್ಟಿಗೆಯ ರಟ್ಟಿನ ಬಿಲ್ಲೆ ಕೂರಿಸಿದರೆ ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗುವುದಿಲ್ಲ. ಬಿಲ್ಲೆ 19.5 ಮಿ.ಮೀ. ಇರಲಿ, ಸರಿಯಾಗಿ 20 ಇದ್ದರೆ ತೂರಿಸುವಾಗ ಜೋಡು ಬಿರಿಯುತ್ತದೆ.

ಬುಡದ ನಾಲ್ಕು ರೆಕ್ಕೆಗಳಿಗೆ ಎರಡು ಪದರ ಅಂಟಿಸಿ, ಪುಸ್ತಕದ ಅಡಿ ಒಂದು ರಾತ್ರಿ ಇಟ್ಟು ಆಮೇಲೆ ಕತ್ತರಿಸಬೇಕು. ಕತ್ತರಿಸಿದ ಅಂಚು ಬೆಳ್ಳಗೆ ಕಾಣುವ ಕಡೆ ಅದೇ ಬಣ್ಣದ ಸ್ಕೆಚ್ ಪೆನ್ ತಾಗಿಸಲಿ.

ಮಾದರಿಯ ಜೊತೆಗೆ ಅರ್ಧ ಪುಟದ ಟಿಪ್ಪಣಿ ಇರಬೇಕು. 1979ರ ಆಗಸ್ಟ್ 10ರ ಮೊದಲ ಉಡಾವಣೆಯಲ್ಲಿ ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟ ಕೈಕೊಟ್ಟು ವಾಹನ ಬಂಗಾಳ ಕೊಲ್ಲಿಗೆ ಬಿತ್ತು. 1980ರ ಜುಲೈ 18ರಂದು ಶ್ರೀಹರಿಕೋಟಾದಿಂದಲೇ ಹಾರಿದ ಇನ್ನೊಂದು ಎಸ್‌ಎಲ್‌ವಿ-3ರಲ್ಲಿ ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಇವೆರಡನ್ನೂ ಬರೆಯಲಿ, ಬರೀ ಗೆದ್ದದ್ದನ್ನಲ್ಲ.

ಮೈಸೂರು ರಾಕೆಟ್ ಸುಲಭ. ಅರ್ಧ ಅಳತೆಯಲ್ಲಿ 10 ಸೆಂ.ಮೀ. ಉದ್ದ, 25 ಮಿ.ಮೀ. ವ್ಯಾಸದ ಕೊಳವೆ, 60 ಸೆಂ.ಮೀ. ಬಿದಿರು ಸೀಳು, ಚರ್ಮದ ಕಟ್ಟಿನ ಬದಲು ಕಂದು ಕಾಗದದ ಪಟ್ಟಿ. ಯುರೋಪಿನ ಅಂದಿನ ರಾಕೆಟ್‌ಗಳ ಕೊಳವೆ ರಟ್ಟಿನದು. ಹೈದರ್, ಟಿಪ್ಪು ಕಾಲದ ಮೈಸೂರಿನವರದು ಕಬ್ಬಿಣದ್ದು, ಹಾಗಾಗಿ ಹೆಚ್ಚು ಒತ್ತಡ ತಾಳಿ ದೂರ ಹೋಗುತ್ತಿತ್ತು. ನಾವು ಅದನ್ನೇ ಮತ್ತೆ ಕಾಗದದಲ್ಲಿ ಮಾಡುತ್ತಿದ್ದೇವೆ, ಇರಲಿ. ಕಪ್ಪು ಬಣ್ಣ ಬಳಿದು ಒಣಗಿದ ಮೇಲೆ 6ಬಿ ಪೆನ್ಸಿಲ್ ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಥೇಟ್ ಕಬ್ಬಿಣವೇ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಇಂಥ ರಾಕೆಟ್‌ಗಳು ಸಾವಿರದಷ್ಟು ಸಿಕ್ಕವು. ಆ ಕಡೆ ನೆಂಟರಿದ್ದರೆ ಮಕ್ಕಳಿಗೆ ಹೇಳಿ.

ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾಗುತ್ತಿದ್ದ ವಿಜಯಂತಕ್ಕೆ ಬೇಕಾದದ್ದು ತಾಳ್ಮೆ. ಬದಿಗೆ 6ರಂತೆ 12 ಚಕ್ರ, ಒಂದೊಂದಕ್ಕೂ ನಾಲ್ಕು ಪದರ, ಒಟ್ಟು 48 ಬಿಲ್ಲೆ. ತಮ್ಮ ತಂಗಿಯರನ್ನು ಕೂರಿಸಿಕೊಳ್ಳಲು ಅಡ್ಡಿಯಿಲ್ಲ. ಅದರ 105 ಮಿ.ಮೀ. ತೋಪಿನ ನಳಿಗೆಗೆ 80 ಜಿಎಸ್‌ಎಂ ಕಾಗದವನ್ನು ಹೆಣಿಗೆ ಕಡ್ಡಿಗೆ ಸುತ್ತಬೇಕು. ಕಡ್ಡಿಗೆ ಮೊದಲೇ ಮೇಣದಬತ್ತಿ ಉಜ್ಜಿರಿ, ಇಲ್ಲವಾದರೆ ಅದೂ ನಳಿಗೆಯೊಳಗೇ ಉಳಿಯುತ್ತದೆ.

ಕಟ್ಟರ್ 9ನೆಯವರಿಗೆ ಮಾತ್ರ, ಸ್ಟೀಲ್ ಸ್ಕೇಲ್ ಜೊತೆಗೆ, ದೊಡ್ಡವರು ಎದುರಿಗಿರುವಾಗ. ಉಳಿದವರಿಗೆ ಕತ್ತರಿ. ಮಡಿಕೆಯ ಗೆರೆಗೆ ಶಾಯಿ ಮುಗಿದ ಬಾಲ್‌ಪೆನ್ ಸಾಕು. ಪಟಾಕಿ ಮದ್ದು, ಬೆಂಕಿಕಡ್ಡಿಯ ಪುಡಿ ಯಾವ ಮಾದರಿಯೊಳಗೂ ಇರಕೂಡದು. ದೀಪಾವಳಿ ಮುಗಿದ ಹೊಸತರಲ್ಲಿ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.

ಲೋಕಲ್‌ನಲ್ಲಿ ಬರುವವರು ಎಸ್‌ಎಲ್‌ವಿಯ ಕುತ್ತಿಗೆಯನ್ನು ಕೆಳಗಿನ ಕೊಳವೆಗೆ ಮಾತ್ರ ಅಂಟಿಸಿ, ಮೇಲಿನ ಕೊಳವೆಯನ್ನು ಬಿಡಿಯಾಗಿ ಹಳೆಯ ಬಟ್ಟೆಯಲ್ಲಿ ಸುತ್ತಿ ಶೂ ಡಬ್ಬಿಯಲ್ಲಿ ಕಳಿಸಿ. ಕೊನೆಯ ಜೋಡಣೆ ಶಾಲೆಯಲ್ಲೇ ಆಗಲಿ. ಅಂಟು ನಮ್ಮಲ್ಲಿ ಇರುತ್ತದೆ.

ಇಂತಿ,
ಮುಖ್ಯಾಧ್ಯಾಪಕಿ